ಸತ್ತ ಪೈಪು, ಮಲಗಿದ ಪೈಪು

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 9.20ಕ್ಕೆ ಬೈಲಂಗಡಿ ಠಾಣೆಗೆ ದೂರೊಂದು ಬಂತು. ದೂರು ಕಾಗದದಲ್ಲಿ ಬರುವುದು ವಾಡಿಕೆ. ಇದು ಬಂದದ್ದು ಉಪ್ಪಿನಕಾಯಿ ಬಾಟಲಿಯಲ್ಲಿ.

ಪೆರ್ಲಬೈಲು ರಸ್ತೆಯ ಏಲಿಯಮ್ಮ, ಅರವತ್ತೆಂಟು ವರ್ಷ, ಬಾಟಲಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದರು. ಅಷ್ಟೇ. ಗೋಡೆಯ ಹಲ್ಲಿ ಬಾಲ ಬಿಟ್ಟು ಓಡಿತು. ಹಿಂದಿನ ಸಂಜೆಯಿಂದ ತುಟಿ ಬಿಚ್ಚದಿದ್ದ ಪಂಪ್‌ಸೆಟ್ ಕಳ್ಳ ಲಾಕಪ್ಪಿನೊಳಗಿಂದ, "ಎಲ್ಲ ಹೇಳ್ತೇನೆ ಸಾರ್, ಮೊದಲು ಅದನ್ನು ಮುಚ್ಚಿ!" ಎಂದು ಕೂಗಿಕೊಂಡ. ಆ ಪ್ರಕರಣ ಅಲ್ಲಿಗೇ ಮುಗಿಯಿತು.

ಸಬ್ ಇನ್ಸ್‌ಪೆಕ್ಟರ್ ದಮಯಂತಿ ಮಾತ್ರ ಕದಲಲಿಲ್ಲ. ಮರ್ಕಂಜದವಳಾದ ಇವಳ ಮೂಗಿನ ಬಗ್ಗೆ ಮೂರು ತಾಲೂಕಿನಲ್ಲಿ ಹೇಳದವರಿಲ್ಲ. ಪುತ್ತೂರಿನಲ್ಲಿ ನಿಂತು ಸುಬ್ರಹ್ಮಣ್ಯದ ಕಾಡಿನ ಕಳ್ಳಭಟ್ಟಿ ಯಾವ ಮರದ ಗೇರುಹಣ್ಣಿನದು ಎಂದು ಹೇಳುವ ಮೂಗು ಅದು. ಆ ಮೂಗಿಗೂ ಈ ಬಾಟಲಿ ಸ್ವಲ್ಪ ಹೆಚ್ಚೇ ಆಯಿತು.

"ಇದೆಂತ ಅಮ್ಮಾ?"

"ನೀರು ಮೋಳೆ." ಏಲಿಯಮ್ಮನ ಮಲಯಾಳದಲ್ಲಿ ಮಗಳ ಪ್ರಾಯದವರೆಲ್ಲ ಮೋಳೆಯೇ, ಸೊಂಟದಲ್ಲಿ ಪಿಸ್ತೂಲಿದ್ದರೂ. "ನಮ್ಮ ನಳ್ಳಿಯದ್ದು. ಕುಡಿಯುವ ನೀರು."

"ಯಾರು ಕುಡಿದದ್ದು?"

"ಜಿಸ್ಮಿ. ನನ್ನ ಮಗ ನಿಬಿನ್‌ನ ಮಗಳು. ಆರು ವರ್ಷ. ಮೊದಲು ಇಷ್ಟು ವಾಸನೆ ಇರಲಿಲ್ಲ, ಕುಡಿದುಬಿಟ್ಟಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಉಂಟು, ಇವತ್ತಿಗೆ ನಾಲ್ಕನೇ ದಿನ. ಮೂತ್ರ ನಿಂತಿದೆ ಅಂತ ಡಾಕ್ಟರು." ಮುದುಕಿ ಅಳಲಿಲ್ಲ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. "ನಮ್ಮ ಮಗು ಯಾರ ಹೇಲು ಕುಡಿದದ್ದು ಅಂತ ನನಗೆ ಗೊತ್ತಾಗಬೇಕು. ಬರೆದುಕೊಳ್ಳಿ."

ಹೆಡ್ ಕಾನ್‌ಸ್ಟೇಬಲ್ ಉಲ್ಲಾಸ್ ಪೆನ್ನು ಹಿಡಿದು ನಿಂತ. "ಮೇಡಂ, ಆ ಶಬ್ದ ಹಾಗೆಯೇ ಬರೆಯುದಾ?"

"ಹಾಗೆಯೇ."

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 14/2025. ಸಾರ್ವಜನಿಕ ನೀರನ್ನು ಕೆಡಿಸಿದ್ದು, ಜೀವಕ್ಕೆ ಅಪಾಯ ತಂದದ್ದು. ಆರೋಪಿ: ಅಪರಿಚಿತ.

11 ಗಂಟೆಗೆ ಪೆರ್ಲಬೈಲು ರಸ್ತೆಯಲ್ಲಿ ಪಂಚನಾಮೆ. ಇಬ್ಬರು ಪಂಚರು, ಮೂಗಿಗೆ ಕಟ್ಟಿದ ನಾಲ್ಕು ಪದರ ಬೈರಾಸು. ಪಟ್ಟಣದ ನೀರಿನ ವಿಭಾಗದ ಕಿರಿಯ ಇಂಜಿನಿಯರ್ ಜಯಪ್ರಕಾಶ್ ಕೂಡ ಜೊತೆಗೆ ಬಂದ. ಇಸ್ತ್ರಿಯ ಗೆರೆಯಲ್ಲಿ ತೆಂಗಿನಕಾಯಿ ಒಡೆಯಬಹುದಾದಂಥ ಅಂಗಿ. ಅವನ ಮನೆಯೂ ಅದೇ ರಸ್ತೆಯಲ್ಲಿತ್ತು.

ಒಂದೊಂದೇ ಮನೆಯ ನಳ್ಳಿ ತಿರುಗಿಸಿದರು. ಮೊದಲು ಗಾಳಿ, ಆಮೇಲೆ ಗೊರಗೊರ, ಆಮೇಲೆ ಕಪ್ಪು ನೀರು. ಮೂರನೆಯ ಮನೆಯಲ್ಲಿ ಹೆಂಗಸೊಬ್ಬಳು ಆ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುದಿಯಲು ಇಟ್ಟಿದ್ದಳು. ದಮಯಂತಿ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಹಿತ್ತಲಿಗೆ ಚೆಲ್ಲಿದಳು. ಬಟ್ಟೆಯಲ್ಲಿ ಉಳಿದದ್ದನ್ನು ನೋಡಿದ ಪಂಚರಲ್ಲಿ ಒಬ್ಬ ತೆಂಗಿನ ಬುಡಕ್ಕೆ ಓಡಿದ. ಅವನು ಕಾರಿದ್ದರಲ್ಲಿ ಅವನ ಅಜ್ಜ ಉಂಡ ಮದುವೆಯೂಟವೂ ಇತ್ತು ಎಂದು ಉಲ್ಲಾಸ್ ಇಂದಿಗೂ ಹೇಳುತ್ತಾನೆ. ಮೂವತ್ತೊಂದು ಮನೆ, ಮೂವತ್ತೊಂದು ಕಪ್ಪು ಬಾಟಲಿ. ಹತ್ತೊಂಬತ್ತು ಮನೆಗಳಲ್ಲಿ ವಾಂತಿಭೇದಿ.

ಮೂವತ್ತೆರಡನೆಯದು ಜಯಪ್ರಕಾಶನ ಮನೆ. ನಳ್ಳಿ ಇರಬೇಕಾದಲ್ಲಿ ಬಿಳಿ ಮುಚ್ಚಳ ಬಿಗಿದಿತ್ತು. ಹೊಚ್ಚ ಹೊಸತು.

"ಲೀಕ್ ಇತ್ತು ಮೇಡಂ, ಮುಚ್ಚಿಸಿದ್ದು," ಎಂದ ಅವನು, ಕೇಳುವ ಮೊದಲೇ.

ದಮಯಂತಿ ಅದನ್ನೂ ಪಂಚನಾಮೆಗೆ ಬರೆಸಿದಳು.

ಮಧ್ಯಾಹ್ನ 2.15ಕ್ಕೆ ರಸ್ತೆಯ ತಲೆಯಲ್ಲಿದ್ದ ಹಲಸಿನ ಮರದ ಬುಡ ಅಗೆಸಿದರು. ಅಲ್ಲಿ ತುಕ್ಕು ಹಿಡಿದ ಹಳೆಯ ಪೈಪೊಂದು ಕೆಳಗೆ ಹರಿಯುವ ತೋಡಿನತ್ತ ಹೋಗಿತ್ತು, ನಡುವೆ ಒಂದು ವಾಲ್ವ್‌ನ ಮೂಲಕ ಊರಿನ ನೀರಿನ ಪೈಪಿಗೂ ಸೇರಿತ್ತು. ವಾಲ್ವ್ ಮುಚ್ಚಿತ್ತು. ಆದರೆ ಅದರ ಸಂದಿಯಿಂದ ಕಪ್ಪು ರಸ ಜಿನುಗುತ್ತಿತ್ತು. ಹಳೆಯ ಪೈಪಿನ ಜಾಡು ಹಿಡಿದು ಮೇಲಕ್ಕೆ ಹೋದರೆ ಗುಡ್ಡೆಯ ಮೇಲೆ ಹೊಸ ಬಡಾವಣೆ 'ಹಸಿರುಗುಡ್ಡೆ', ಎಂಬತ್ತನಾಲ್ಕು ಮನೆ. ಊರಿನ ನೀರಿನ ಪೈಪು ಬದಲಾಯಿಸುವ ಕೆಲಸವೂ ಈ ಬಡಾವಣೆಯ ಕೆಲಸವೂ ಒಟ್ಟಿಗೇ ಮುಗಿಯಬೇಕಿತ್ತು. ಎರಡಕ್ಕೂ ಒಂದೇ ದಿನ ಉದ್ಘಾಟನೆ, ಫೆಬ್ರವರಿ 14. ಸಭೆಗಳು ಎಷ್ಟು ನಡೆದಿದ್ದವೆಂದರೆ ಆ ಸಭೆಗಳಲ್ಲಿ ಕುಡಿದ ಚಹಾವನ್ನು ಪೈಪಿಗೆ ಬಿಟ್ಟಿದ್ದರೆ ಊರಿಗೆ ಒಂದು ವರ್ಷ ಸಾಕಿತ್ತು.

ಸೈಟಿನ ಇಂಜಿನಿಯರ್ ಗಾನಶ್ರೀ, ಇಪ್ಪತ್ತಾರರ ಹುಡುಗಿ, ಪಂಪು ನಿಲ್ಲಿಸಿದಳು.

"ಇದು ಎಂತದ್ದರ ಪಂಪು?"

"ಶೌಚದ ನೀರಿನದ್ದು ಮೇಡಂ. ಶುದ್ಧೀಕರಣದ ತೊಟ್ಟಿ ಇನ್ನೂ ಆಗಲಿಲ್ಲ. ಜನ ಆಗಲೇ ಬಂದು ಕೂತಿದ್ದಾರೆ. ಹಳೇ ಪೈಪಿನಲ್ಲಿ ಕೆಳಗಿನ ತೋಡಿಗೆ ಬಿಡಬಹುದು ಅಂತ ಪಟ್ಟಣದ ನೀರಿನ ವಿಭಾಗದವರೇ ಹೇಳಿದ್ದು."

"ತೋಡಿಗೆ ಬಿಡುದು ತಪ್ಪಲ್ವಾ?"

ಹುಡುಗಿ ತಲೆ ತಗ್ಗಿಸಿದಳು. "ತಪ್ಪೇ. ಆದರೆ ಅದು ಊರಿನ ಪೈಪಿಗೆ ಸೇರಿದೆ ಅಂತ ದೇವರಾಣೆ ಗೊತ್ತಿರಲಿಲ್ಲ. ಸತ್ತ ಪೈಪು ಅಂತ ಬರೆದುಕೊಟ್ಟಿದ್ದಾರೆ."

"ಪಂಪು ಶುರು ಮಾಡಿದ್ದು?"

"ಮೂರನೇ ತಾರೀಕು."

ನೀರಿನ ವಿಭಾಗದವರೂ ಬಡಾವಣೆಯವರೂ ಸೇರಿ ಮಾಡಿದ ಜಂಟಿ ಪರಿಶೀಲನೆಯ ಪುಸ್ತಕದ ಒಂಬತ್ತನೇ ಪುಟದಲ್ಲಿ ಹಾಗೆಯೇ ಇತ್ತು. 'ಹಲಸಿನ ಮರದ ಬಳಿಯ ಪೈಪು: ಸತ್ತಿದೆ. ವಾಲ್ವ್‌ಮ್ಯಾನ್ ಬೋಜ ಇವರ ಹೇಳಿಕೆಯಂತೆ.' ಕೆಳಗೆ ಸೊಟ್ಟ ಅಕ್ಷರದಲ್ಲಿ ಬೋಜನ ಸಹಿ. ಮೇಲಿನ ಬರಹ ಮಾತ್ರ ಜಯಪ್ರಕಾಶನದು.

"ನಾನೆಂತ ಮಾಡ್ಲಿ?" ಎಂದ ಜಯಪ್ರಕಾಶ್. "ಹಳೇ ಪೈಪಿಗೆ ನಕ್ಷೆ ಇಲ್ಲ. ಬೋಜ ಹೇಳಿದ, ನಾನು ಬರೆದೆ. ಈಗ ಅವ ಊರು ಬಿಟ್ಟಿದ್ದಾನೆ. ಅಷ್ಟು ಸಾಕಲ್ವಾ ಮೇಡಂ?"

ಅವನು ಹೇಳಿದ ಒಂದು ಮಾತು ನಿಜ. ಬೈಲಂಗಡಿಯ ಪೈಪುಗಳ ನಕ್ಷೆ ಇದ್ದದ್ದು ಬೋಜನ ತಲೆಯೊಳಗೆ. ಕಣ್ಣು ಕಟ್ಟಿ ಬಿಟ್ಟರೂ ಅಂಗಾಲಿನಲ್ಲೇ ನೀರಿನ ಸದ್ದು ಕೇಳಿ, 'ಇದು ಶಾಲೆಯ ಲೈನು, ಗಂಟಲು ಕಟ್ಟಿದೆ' ಎನ್ನುತ್ತಿದ್ದ ಮನುಷ್ಯ.

11ರಂದು ಬೆಳಿಗ್ಗೆ 10.40ಕ್ಕೆ ಬೋಜ ಸಿಕ್ಕಿದ್ದು ಕಾಣಿಯೂರಿನಲ್ಲಿ, ಮಗಳ ಮನೆಯಲ್ಲಿ. ಜೀಪು ಕಂಡದ್ದೇ ಎರಡೂ ಕೈ ಮುಂದಕ್ಕೆ ಚಾಚಿದ.

"ಕೋಳ ಹಾಕಿ. ಮಗುವಿಗೆ ಹುಷಾರಿಲ್ಲವಂತೆ. ನನ್ನನ್ನೇ ಒಳಗೆ ಹಾಕುದು ಅಂತ ಇಂಜಿನಿಯರ್ರು ಫೋನಿನಲ್ಲಿ ಹೇಳಿದ್ದಾರೆ."

"ಕೂತ್ಕೊ ಮಾರಾಯ," ಎಂದಳು ದಮಯಂತಿ. "ಹಲಸಿನ ಮರದ ಪೈಪು ಸತ್ತಿದೆ ಅಂತ ನೀನು ಹೇಳಿದ್ದಾ?"

ಬೋಜನಿಗೆ ಹೆದರಿಕೆ ಮರೆತು ಸಿಟ್ಟು ಬಂತು. "ಯಾರು ಹೇಳಿದ್ದು? ಅದು ಸತ್ತದ್ದಲ್ಲ ಮಾರಾಯ್ರೆ, ಮಲಗಿದ್ದು!"

"ಎಂತ ವ್ಯತ್ಯಾಸ?"

"ಎಂತ ವ್ಯತ್ಯಾಸ ಅಂತ ಕೇಳ್ತೀರಲ್ಲ! ಊರಿನ ಪೈಪಿನಿಂದ ಕಡಿದು ಆ ಬಾಯಿಗೆ ಸಿಮೆಂಟು ತುಂಬಿದರೆ ಸತ್ತದ್ದು. ಅದಕ್ಕೆ ಎಂತ ಬೇಕಾದರೂ ಬಿಡಿ. ಕಡಿಯದೆ ವಾಲ್ವ್ ಮಾತ್ರ ಮುಚ್ಚಿದರೆ ಮಲಗಿದ್ದು. ಅದಕ್ಕೆ ಜೀವ ಉಂಟು. ಅದರ ವಾಲ್ವ್ ಸೋರುತ್ತದೆ. ಊರಿಗೆ ನೀರು ಬಿಡುದು ಎರಡು ದಿನಕ್ಕೊಮ್ಮೆ, ಒಂದು ಗಂಟೆ. ಉಳಿದ ಹೊತ್ತು ಊರಿನ ಪೈಪು ಖಾಲಿ. ಖಾಲಿ ಪೈಪು ಸಂದಿಯಲ್ಲಿ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ತದೆ. 'ಮಲಗಿದ್ದು ಸಾರ್, ಎಬ್ಬಿಸಬೇಡಿ' ಅಂತ ಅವರಿಗೆ ಮೂರು ಸಲ ಹೇಳಿದ್ದೆ."

"ಮತ್ತೆ ಸಹಿ?"

"ಕನ್ನಡಕ ತಂದಿರಲಿಲ್ಲ," ಎಂದ ಬೋಜ, ಸ್ವರ ಇಳಿಸಿ. "ನಾನು ಹೇಳಿದ್ದನ್ನೇ ಬರೆದದ್ದು ಅಂತ ನಂಬಿದೆ."

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ನಿಬಿನ್ ಫೋನು ಮಾಡಿದ. ಜಿಸ್ಮಿಗೆ ಡಯಾಲಿಸಿಸ್ ಶುರುವಾಗಿತ್ತು. ದಮಯಂತಿ ಅಂದು ಊಟ ಮಾಡಲಿಲ್ಲ. ಅನ್ನದಲ್ಲೂ ಅದೇ ವಾಸನೆ ಬರುತ್ತಿತ್ತು.

12ರಂದು ಬೆಳಿಗ್ಗೆ 11ಕ್ಕೆ ಜಯಪ್ರಕಾಶನನ್ನು ಠಾಣೆಗೆ ಕರೆಸಿದರು.

"ಮಲಗಿದ ಪೈಪು ಅಂದರೆ ಎಂತ?"

"ಅದು ಬೋಜನಂಥವರ ಭಾಷೆ ಮೇಡಂ. ನಾನು ಓದಿದ್ದು ಇಂಜಿನಿಯರಿಂಗ್. ಸತ್ತದ್ದು, ಮಲಗಿದ್ದು, ಇದೆಲ್ಲ ನನಗೆ ಗೊತ್ತಿಲ್ಲ."

ದಮಯಂತಿ ಪುಸ್ತಕದ ಆರನೇ ಪುಟ ತೆರೆದು ಅವನ ಮುಂದೆ ತಿರುಗಿಸಿದಳು. ಅವನದೇ ದುಂಡು ಅಕ್ಷರ. 'ಸಂತೆಕಟ್ಟೆ ಪೈಪು: ಮಲಗಿದೆ. ವಾಲ್ವ್ ಸೋರುವುದರಿಂದ ಜೋಡಿಸಬಾರದು.'

"ಮೂರು ಪುಟದ ಒಳಗೆ ಭಾಷೆ ಮರೆತುಹೋಯ್ತಾ?"

ಅವನು ಹಣೆ ಒರೆಸಿಕೊಂಡ. "ಕೈತಪ್ಪು ಇರಬಹುದು ಮೇಡಂ. ಯಾರಿಗಾದರೂ ಆಗ್ತದೆ."

ಕೈತಪ್ಪಿಗೆ ಜೈಲಿಲ್ಲ. ಅವನಿಗೂ ಅದು ಗೊತ್ತಿತ್ತು, ಎದ್ದು ಹೋದ. ಅವನ ಬೆನ್ನಿಗೆ ದಮಯಂತಿಯ ಮೂಗು ಅರಳಿತು. ಊರಿಗೆ ಊರೇ ಕೊಳಚೆ ನಾರುತ್ತಿರುವಾಗ ಈ ಮನುಷ್ಯ ಸಾಬೂನಿನ ಪರಿಮಳ ಬೀರುತ್ತಿದ್ದ. ಇವನು ಸ್ನಾನ ಮಾಡುತ್ತಿರುವುದು ಯಾವ ನೀರಿನಲ್ಲಿ?

ಕ್ಯಾನಿನ ನೀರು ಮಾರುವ ಮಿದ್ಲಾಜ್ ಅರ್ಧ ಗಂಟೆಯಲ್ಲಿ ಠಾಣೆಗೆ ಬಂದ.

"ಇಂಜಿನಿಯರ್ ಮನೆಗೆ ನೀರು ಕೊಡ್ತೀಯಾ?"

"ಕೊಡ್ತೇನಲ್ಲ ಮೇಡಂ. ದಿನಕ್ಕೆ ಎಂಟು ಕ್ಯಾನ್. ಸ್ನಾನಕ್ಕೂ ಅದೇ, ನಾಯಿಗೂ ಅದೇ. ಆ ರಸ್ತೆಯಲ್ಲಿ ಮೊದಲ ಗಿರಾಕಿ ಅವರೇ."

"ಎಂದಿನಿಂದ?"

ಮಿದ್ಲಾಜ್ ಫೋನು ತೆಗೆದು ಆರ್ಡರ್ ಬಂದ ಮೆಸೇಜ್ ಹುಡುಕಿದ. "ಫೆಬ್ರವರಿ ಒಂದು. ಬೆಳಿಗ್ಗೆ ಎಂಟು ಐದು."

ಉಲ್ಲಾಸ್ ಬರೆಯುವುದನ್ನು ನಿಲ್ಲಿಸಿದ. ಪಂಪು ಶುರುವಾದದ್ದು ಮೂರಕ್ಕೆ.

ಕೊಳಚೆ ಬರುವ ಮೊದಲೇ ಒಬ್ಬ ತನ್ನ ಮನೆಯ ನಳ್ಳಿ ಮುಚ್ಚಿಸಿ, ನಾಯಿಗೂ ಬೇರೆ ನೀರು ಗೊತ್ತುಮಾಡಿ, ಪಕ್ಕದ ಮೂವತ್ತೊಂದು ಮನೆಗೆ ಒಂದು ಮಾತೂ ಹೇಳದೆ ಕೂತಿದ್ದ. ದಮಯಂತಿ ಹೊರಗೆ ಹೋಗಿ ಉಗಿದು ಬಂದಳು. 13ರಂದು ಮಿದ್ಲಾಜನ ಫೋನು ಜಪ್ತಿಯಾಯಿತು, ಮುಚ್ಚಳ ಬಿಗಿದ ಕೊಳಾಯಿ ಕೆಲಸದವನ ಹೇಳಿಕೆಯೂ ದಾಖಲಾಯಿತು. ಅವನು ಅದನ್ನು ಬಿಗಿದದ್ದು ಜನವರಿ 31ರಂದು. ಲೀಕ್ ಎಂಬುದು ಇರಲೇ ಇಲ್ಲ.

14ರಂದು ಹಸಿರುಗುಡ್ಡೆಯಲ್ಲಿ ಉದ್ಘಾಟನೆ ರದ್ದಾಗಿತ್ತು. ಆದರೂ ಶಾಮಿಯಾನ ಬಿಚ್ಚಿರಲಿಲ್ಲ. ಬೆಳಿಗ್ಗೆ 10.15ಕ್ಕೆ ಜೀಪು ತಲುಪಿದಾಗ ಜಯಪ್ರಕಾಶ್ ಒಬ್ಬನೇ ಅಲ್ಲಿದ್ದ. ಕಪ್ಪು ಗ್ರಾನೈಟ್ ಫಲಕದ ಮೇಲಿನ ರೇಷ್ಮೆ ಪರದೆಯನ್ನು ಸರಿಪಡಿಸುತ್ತಿದ್ದ.

"ನಿಮ್ಮ ಮನೆಯ ನಳ್ಳಿ ಇಂಜಿನಿಯರ್ರೇ," ಎಂದಳು ದಮಯಂತಿ, "ಅದು ಸತ್ತದ್ದೋ, ಮಲಗಿದ್ದೋ?"

10.20ಕ್ಕೆ ದಸ್ತಗಿರಿ.

ಅವನು ಯಾರಿಂದಲೂ ಏನೂ ಪಡೆದಿರಲಿಲ್ಲ. ಅದನ್ನು ತಿಂಗಳುಗಟ್ಟಲೆ ಜಾಲಾಡಿದರು, ಒಂದು ಚಹಾ ಕೂಡ ಸಿಗಲಿಲ್ಲ. ಸಿಕ್ಕಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಹನ್ನೆರಡು ವರ್ಷದ ಸೇವೆಯಲ್ಲಿ ಅವನು ಕಟ್ಟಿಸಿದ ನಾಲ್ಕು ಟ್ಯಾಂಕುಗಳ ಫಲಕದಲ್ಲೂ ಅವನ ಹೆಸರಿರಲಿಲ್ಲ. ಈ ಸಲ ಇತ್ತು. ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ. ಶುದ್ಧೀಕರಣದ ತೊಟ್ಟಿ ಮುಗಿಯುವವರೆಗೆ ಕಾದರೆ ಉದ್ಘಾಟನೆ ಮುಂದೆ ಹೋಗುತ್ತಿತ್ತು, ಅಷ್ಟರೊಳಗೆ ಅವನಿಗೆ ವರ್ಗವಾಗುವುದಿತ್ತು.

"ಕಲ್ಲು ಕೆತ್ತಿ ಆಗಿತ್ತು ಮೇಡಂ," ಎಂದ ವಿಚಾರಣೆಯಲ್ಲಿ. "ತಾರೀಕು ಸಮೇತ." ಆಮೇಲೆ, "ನನ್ನ ಹೆಸರು ಒರೆಸುತ್ತಾರಾ?" ಎಂದು ಕೇಳಿದ. ಮಗುವಿನ ಬಗ್ಗೆ ಕೇಳಲಿಲ್ಲ.

ಕಲ್ಲು ಜಪ್ತಿ ಮಾಲಾಗಿ ಠಾಣೆಯ ಹಿಂದಿನ ಅಂಗಳಕ್ಕೆ ಬಂತು.

ಮಾರ್ಚ್ 6ರಂದು ಏಲಿಯಮ್ಮ ಹೆಚ್ಚಿನ ಹೇಳಿಕೆಗೆ ಬಂದಾಗ ಜಿಸ್ಮಿಯೂ ಜೊತೆಗಿದ್ದಳು. ಕೈಕಾಲು ಬೆಂಕಿಕಡ್ಡಿಯಂತಾಗಿತ್ತು, ಕಣ್ಣು ಮಾತ್ರ ಮೊದಲಿನದೇ. ಬಿಸಿಲಿನಲ್ಲಿ ಬಂದ ಮಗುವಿಗೆ ದಮಯಂತಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು.

ಮಗು ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿತು. ಬೆಳಕಿಗೆ ಹಿಡಿದು ನೋಡಿತು. ಮತ್ತೆ ಎರಡೂ ಕೈಯಲ್ಲಿ ಲೋಟವನ್ನು ವಾಪಸು ಚಾಚಿತು.

"ಮೊದಲು ನೀವು ಕುಡೀರಿ."

ಏಲಿಯಮ್ಮ ಗದರಲು ಬಾಯಿ ತೆರೆದರು. ದಮಯಂತಿ ಕೈಸನ್ನೆಯಲ್ಲಿ ತಡೆದು, ಲೋಟ ತೆಗೆದುಕೊಂಡು, ಮಗು ನೋಡುತ್ತಿದ್ದ ಹಾಗೆ ಅರ್ಧ ಕುಡಿದಳು.