ಸುಗಂಧಾಳ ನೇರ ಜಿಗಿತ

"ಬೇಕಂತಲೇ ಸೋಲಬ್ಯಾಡ್ರಿ ಮತ್ತ. ನನಗ ಗೊತ್ತಾಗತೈತಿ!"

ಕನ್ಯೆ ನೋಡಲು ಬಂದ ಗಂಡಿಗೆ ಸುಗಂಧಾ ಆಡಿದ ಮೊದಲ ಮಾತೇ ಇದು!

ತೊಂಬತ್ತಾರನೆಯ ಇಸವಿ. ಅಥಣಿಯಲ್ಲಿ ಅವರ ಮನೆ ಮಾಳಿಗೆಯ ಮೇಲೆ, ಕೆಳಗೆ ಅಣ್ಣ ಆಬಾಸಾಹೇಬನ ವಿಡಿಯೋ ಗೇಮ್ ಅಂಗಡಿ. ಹಿರಿಯರು ಮೇಲೆ ಅವಲಕ್ಕಿ ತಿನ್ನುತ್ತಿದ್ದರು. "ಒಂದ್ ಆಟ ಆಡ್ರಿ, ಹಂಗ ಮಾತೂ ಆಡ್ರಿ" ಎಂದು ಅಣ್ಣನೇ ಇಬ್ಬರನ್ನೂ ಕೆಳಗೆ ಕರೆತಂದಿದ್ದ.

"ಸೋಲಾಕ ನಿಪ್ಪಾಣಿಯಿಂದ ಬರಬೇಕೇನ್ರಿ?" ಪಾರಿಸ ನಕ್ಕ.

"ಹುಷಾರ್ ರೀ ಪಾರಿಸ! ಆಕಿ ಕೈಯಾಗ ಊರ ಹುಡುಗರೆಲ್ಲಾ ಅತ್ತಾರ," ಎಂದ ಅಣ್ಣ ಬಾಗಿಲಿನಿಂದ.

ಹೊಡೆದಾಟದ ಆಟ. ನೋಡುವವರಿಗೆ ಬರೀ ಗುಂಡಿ ಒತ್ತಿದಂತೆ, ಆಡುವವರಿಗೆ ಎದುರಿನವರ ಮನಸ್ಸು ಓದಿದಂತೆ. ಮೇಲೆ ಜಿಗಿದು ಬಂದವರನ್ನು ಗಾಳಿಯಲ್ಲೇ ಗುದ್ದಿ ಕೆಡವಬಹುದು. ಅದಕ್ಕೇ ಸುಗಂಧಾ ಬೇಕೆಂದೇ ಗಿಡ್ಡವಾಗಿ, ಅವನ ಕೈಗೆಟುಕದಂತೆ ಮುಂದೆಯೇ ಇಳಿಯುವ ಹಾಗೆ ಜಿಗಿದಳು. ಪಾರಿಸನ ಗುದ್ದು ಗಾಳಿಗೆ ಹೋಯಿತು... ಅವಳ ಒದೆ ಅವನ ಕಾಲಿಗೆ ಬಿತ್ತು!

"ಅಬ್ಬಾ, ಮೋಸಾ!"

"ತಲಿ ಅನ್ರಿ, ತಲಿ!"

ಮೊದಲ ಸುತ್ತು ಅವಳದಾಯಿತು, ಎರಡನೆಯದು ಅವನು ಗೆದ್ದ. ಮೂರನೆಯದೇ ಕಡೆಯದು. ಇಬ್ಬರ ಗೊಂಬೆಗೂ ಒಂದೇ ಏಟಿನಷ್ಟು ಜೀವ ಉಳಿದಿತ್ತು. ಸುಗಂಧಾ ಜಿಗಿದಳು... ನೇರ ಅವನ ತಲೆಯ ಮೇಲೆ!

'ಅಯ್ಯೋ, ಸತ್ತೆ!' ಅಂದುಕೊಂಡಳು.

ಆದರೆ ಪಾರಿಸನ ಬೆರಳು ಅಲುಗಲೇ ಇಲ್ಲ. ಅವಳೇ ಗೆದ್ದಳು.

ಸುಗಂಧಾಳ ಮುಖ ಕಪ್ಪಿಟ್ಟಿತು. 'ಬಿಟ್ಟುಕೊಟ್ಟ! ನನ್ನನ್ನು ಕೂಸು ಅಂದುಕೊಂಡ. ಇಂಥವನ ಜೊತೆ ಜೀವನವಿಡೀ ಹೇಗೆ...'

"ಸುಗಂಧಾ!" ಮೇಲಿನಿಂದ ಅಪ್ಪ ಜಿನ್ನಪ್ಪನ ದನಿ. "ಅವರು ಹೊಂಟಾರವ್ವಾ. ಹೂಂ ಅಂತೀಯೋ, ಒಲ್ಲೆ ಅಂತೀಯೋ?"

"ಒಲ್ಲೆ ಅಂತೀನಿ," ಎಂದಳು ಅವಳು, ಪಾರಿಸನಿಗಷ್ಟೇ ಕೇಳುವಂತೆ.

"ಯಾ... ಯಾಕ್ರಿ?"

"ದಯಾ ತೋರಿಸಿದ್ರಲ್ಲ!"

"ದಯಾ?!" ಅವನ ಕಿವಿ ಕೆಂಪಾದವು. "ಮತ್ತ ಗಿಡ್ಡ ಜಿಗೀತೀರಿ ಅಂತ ಕಾಯಾಕತ್ತಿದ್ನಿರಿ! ನಿಮ್ಮಂಥಾಕಿ ಸೀದಾ ತಲಿ ಮ್ಯಾಲ ಬರ್ತಾಳಂತ ಯಾರ್ ಅನ್ಕೋತಾರ? ಏನೋ ಹೂಟ ಐತಿ ಅಂತ ವಿಚಾರ ಮಾಡೂದ್ರಾಗ ಒದ್ದ ಬಿಟ್ರಿ. ಹೊಟ್ಟಿ ಉರಿಯಾಕತ್ತೈತಿ ನನಗ!"

ಸುಗಂಧಾ ಅವನನ್ನೇ ನೋಡಿದಳು. ಬಿಟ್ಟುಕೊಟ್ಟವನ ಹೊಟ್ಟೆ ಹೀಗೆ ಉರಿಯುವುದುಂಟೇ? ಅವಳ ತಪ್ಪನ್ನೂ ಜಾಣತನವೆಂದು ನಂಬಿ ಸೋತಿದ್ದಾನೆ, ಪುಣ್ಯಾತ್ಮ!

"ಖರೇ ಹೇಳ್ರಿ... ಏನಿತ್ತು ಲೆಕ್ಕ?" ಪಾರಿಸ ಕೇಳಿದ.

"ಲೆಕ್ಕ ಏನಿಲ್ರಿ. ಕೈ ತಪ್ಪಿತು."

"ನಿಮ್ಮ ಕೈ? ಯಾಕ?"

ಅವಳು ತಲೆ ತಗ್ಗಿಸಿದಳು. "ನಿಮ್ಮ ಮೊಣಕೈ ತಾಗಿತು..."

ಪಾರಿಸ ತನ್ನ ಮೊಣಕೈಯನ್ನೇ ನೋಡಿಕೊಂಡ. ಬಾಗಿಲಲ್ಲಿದ್ದ ಅಣ್ಣ ಕೆಮ್ಮಿ ಹೊರಗೆ ಹೋದ.

"ಏನಂತಿ ಬೇ?" ಅಪ್ಪ ಮತ್ತೆ ಕೂಗಿದ.

ಸುಗಂಧಾ ಮೆಟ್ಟಿಲ ಬುಡಕ್ಕೆ ಓಡಿದಳು. "ಅಪ್ಪಾ... ಹೂಂ! ಎಲ್ಲಾರಿಗೂ ಸಕ್ರಿ ಕೊಡ್ರಿ!"

ಹಿಂದಿನಿಂದ ಮೆಲ್ಲನೆಯ ದನಿ. "ನನಗ ಯಾರ್ ಕೊಡ್ತಾರ್ರಿ?"

"ಮ್ಯಾಲ ಬರ್ರಿ..." ಅವಳು ತಿರುಗದೆಯೇ ನಕ್ಕಳು. "ನಾನ ಕೊಡ್ತೀನಿ."