ಮೀನಿನ ಬಾಲದ ಅಕ್ಷರ

ನವೆಂಬರ್ ಹದಿನಾಲ್ಕು, ಗುರುವಾರ, ಬೆಳಗ್ಗೆ ಏಳು ಐವತ್ತು. ಅಕ್ರಾ ನಗರದ ಬಸ್ ನಿಲ್ದಾಣದ ಪಕ್ಕದ ಠಾಣೆಗೆ ದಬೋಯಾ ಎಂಬ ಊರಿನ ನೇಕಾರ ಸೇದು ತಮೀಮು ದೂರು ತಂದರು. ಅವರ ಚೀಲ ಟ್ಯಾಕ್ಸಿಯೊಂದಿಗೆ ಹೊರಟುಹೋಗಿತ್ತು. ಅದರಲ್ಲಿದ್ದದ್ದು ಒಂದು ನೀಲಿ ನಿಲುವಂಗಿ. ಮಗಳು ಮೆಮೂನಾ ಮರುದಿನ ಒಂಬತ್ತಕ್ಕೆ ವೈದ್ಯೆಯಾಗಿ ಪ್ರಮಾಣವಚನ ಸ್ವೀಕರಿಸುವಾಗ ತೊಡಲೆಂದು ಅವರೇ ನೂಲಿಗೆ ಬಣ್ಣ ಹಾಕಿ ನೇಯ್ದದ್ದು.

ಇನ್‌ಸ್ಪೆಕ್ಟರ್ ಜಿಫಾ ಎಫ್‌ಐಆರ್ ದಾಖಲಿಸಿದಳು.

"ಗಾಡಿ ಬುಕ್ ಮಾಡಿದ್ಯಾರು?"

"ಮಗಳು. ನಂಬರೂ ಕಳ್ಸಿದ್ಲು. ನಾನು ಹೋಲಿಸಿ ನೋಡ್ಲಿಲ್ಲ."

"ಡ್ರೈವರ್ ನಿಮ್ಮ ಹೆಸರು ಹೇಳಿದ್ನಾ?"

"ನಾನೇ ಹೇಳ್ದೆ ತಾಯಿ. ತಮೀಮುನ ಕರ್ಕೊಂಡು ಹೋಗಕ್ಕೆ ಮೆಮೂನಾ ಕಳ್ಸಿದ್ದು ನಿನ್ನನ್ನೇನಪ್ಪಾ ಅಂದೆ. ಹೂಂ ಅಂದ."

"ಹೆಸರು ಅವನ ಬಾಯಿಂದ ಬರ್ಬೇಕಿತ್ತು ಬಾಬಾ. ಆಮೇಲೆ?"

"ಹಿಂದಿನ ಚಕ್ರದ ಗಾಳಿ ಹೋಗಿದ್ಯಾ ನೋಡಿ ಅಂತ ಇಳಿಸ್ದ. ಹೊರಟೇಬಿಟ್ಟ."

ಬುಕ್ ಆಗಿದ್ದ ಟ್ಯಾಕ್ಸಿ ಇನ್ನೂ ನಿಲ್ದಾಣದಲ್ಲೇ ಕಾಯುತ್ತಿತ್ತು. ತಮೀಮು ಹತ್ತಿದ್ದ ಗಾಡಿಯ ಮೇಲೆ ನಿಲ್ದಾಣದ ಕ್ಯಾಮೆರಾದಲ್ಲಿ ಕಂಡ ನಂಬರ್ ಯಾವುದೋ ಲಾರಿಯದು. ತಮೀಮು ಕಾಗದ ಕೇಳಿ ಪಡೆದು, ಗಾಡಿಯ ಹಿಂಬದಿಯ ಗಾಜಿನಲ್ಲಿ ಕಂಡಿದ್ದ ಒಂದು ಅಕ್ಷರವನ್ನು ಬಿಡಿಸಿದರು. ಅದರ ತುದಿ ಮೀನಿನ ಬಾಲ. ಬಾಲಕ್ಕೆ ಏಳು ಹುರುಪೆ.

"ಏನು ಬರೆದಿತ್ತು ಬಾಬಾ?" ಕಾನ್‌ಸ್ಟೇಬಲ್ ಲಾರ್ಟೆ ಕೇಳಿದ.

"ಆ ಲಿಪಿ ಓದಕ್ಕೆ ಬರಲ್ಲ ಮಗಾ. ಆದ್ರೆ ಮಗ್ಗದವನ ಕಣ್ಣು, ಎಳೆ ತಪ್ಪಲ್ಲ."

ಹತ್ತೂವರೆಗೆ ಲಾರ್ಟೆ ಆ ಕಾಗದವನ್ನು ಬುಕೋಮ್ ಕೇರಿಯಲ್ಲಿ ಗಾಡಿಗಳ ಮೇಲೆ ಹೆಸರು ಬರೆಯುವ ಓಕಾಯ್ ಮುದುಕನ ಮುಂದೆ ಹಿಡಿದ.

"ಅಜ್ಜ, ಊರಿನ ಅರ್ಧ ಟ್ಯಾಕ್ಸಿ ಮೇಲೆ ನಿನ್ನದೇ ಬರಹ ಅಂತಾರಲ್ಲ?"

"ಅರ್ಧವಂತೆ! ಮುಕ್ಕಾಲು ಅನ್ನೋ." ಮುದುಕ ಕಾಗದವನ್ನು ಬೆಳಕಿಗೆ ಹಿಡಿದ. "ಈ ಬಾಲ ನಂದೇ. ಇನ್ನೊಬ್ಬ ಹೀಗೆ ಎಳೆದು ತೋರಿಸ್ಲಿ, ಬ್ರಷ್ ಸಮುದ್ರಕ್ಕೆಸೀತೀನಿ. ಇದನ್ನ ಬಿಡಿಸಿದ್ಯಾರು?"

"ಒಬ್ಬ ನೇಕಾರ. ಒಂದೇ ಸಲ ನೋಡಿದ್ದು."

"ಹಂಗಾದ್ರೆ ನಮ್ಮ ಜಾತಿಯವನೇ, ಕೈಕೆಲಸದವನು. ಏಳು ಹುರುಪೆ ಹಾಕಿದ್ದು ಒಬ್ಬಳಿಗೇ. ಚೋರ್ಕೋರ್‌ನಲ್ಲಿ ಮೀನು ಸುಡ್ತಿದ್ದ ಎಸಾಬಾ. ಮಗನ ಗಾಡಿ ಮೇಲೆ ತನ್ನ ಹೆಸರು ಬರೆಸಿದ್ಲು."

ಮಧ್ಯಾಹ್ನ ಎರಡು ಹದಿನೈದಕ್ಕೆ ಚೋರ್ಕೋರ್‌ನಲ್ಲಿ ಎಸಾಬಾಳ ಮಗ ಇಬೋ ಕ್ವಾನ್ಸಾನನ್ನು ಬಂಧಿಸಲಾಯಿತು. ಚೀಲ ಹಿಂದಿನ ಸೀಟಿನಲ್ಲೇ ಇತ್ತು. ನಿಲುವಂಗಿಯ ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು, ಸಂಜೆಯೊಳಗೆ ಅದನ್ನು ತಮೀಮು ಅವರ ಕೈಗೆ ಒಪ್ಪಿಸಿದರು. ಅವರು ಒಂದೊಂದೇ ಹೊಲಿಗೆ ಸವರಿ ನೋಡಿ, ಲಾರ್ಟೆಯ ಕಡೆ ತಿರುಗಿ, "ನಾಳೆ ನೀನೂ ಬಾ. ನನ್ನ ಮಗಳು ಹೇಗೆ ನಿಲ್ತಾಳೆ ನೋಡು" ಎಂದರು.

ಇಬೋನ ವಿಚಾರಣೆ ಚಿಕ್ಕದಾಗಿತ್ತು.

"ಯಾಕೆ ಮಾಡ್ದೆ?" ಜಿಫಾ ಕೇಳಿದಳು.

"ಏಳು ತಿಂಗಳಾಯ್ತು ಟ್ಯಾಕ್ಸಿ ಕಂಪನಿ ನನ್ನನ್ನ ಪಟ್ಟಿಯಿಂದ ತೆಗೆದು. ನಂಬರ್ ಬದಲಿಸಿ ಸುತ್ತುತಿದ್ದೆ. ಯಾರೂ ಹತ್ತಲ್ಲ. ಇವತ್ತು ಆ ಮುದುಕರು, ನಿನ್ನನ್ನೇನಪ್ಪಾ ಕಳ್ಸಿದ್ದು ಅಂತ ನಗ್ತಾ ಕೇಳಿದ್ರು. ಅಲ್ಲ ಅನ್ನಕ್ಕಾಗ್ಲಿಲ್ಲ. ಹತ್ತಿಸ್ಕೊಂಡ ಮೇಲೆ ಎಲ್ಲಿಗೆ ಅಂತ್ಲೇ ಗೊತ್ತಿರ್ಲಿಲ್ಲ. ಚೀಲ ಕಂಡು ಮನಸ್ಸು ಕೆಡ್ತು."

"ನಂಬರ್ ಬದಲಿಸಿದವನು ಹಿಂದಿನ ಗಾಜಿನ ಮೇಲಿದ್ದ ಹೆಸರು ಯಾಕೆ ಬಿಟ್ಟೆ?"

"ಅಮ್ಮ ತೀರಿಹೋಗೋ ಮುಂಚೆ ಬರೆಸಿದ್ದು ಮೇಡಂ. ಅಳಿಸಕ್ಕೆ ಕೈ ಏಳ್ಲಿಲ್ಲ." ಅವನು ತಲೆ ಎತ್ತಿದ. "ಗಾಡಿ ಇಲ್ಲೇ ಇರುತ್ತಲ್ಲ, ನೀವು ಕೆರೆಸಿಬಿಡ್ತೀರಾ?"

ಜಿಫಾ ವಶಪಡಿಸಿಕೊಂಡ ವಾಹನದ ಪಂಚನಾಮೆಯನ್ನು ಎಳೆದುಕೊಂಡು ಕೊನೆಗೊಂದು ಸಾಲು ಸೇರಿಸಿದಳು: ಹಿಂಬದಿಯ ಗಾಜಿನ ಮೇಲಿನ ಬರಹವು ಈ ಪ್ರಕರಣದ ಸಾಕ್ಷ್ಯ. ಯಾರೂ ಅಳಿಸಕೂಡದು.