ಗುಲಾಬಿಯಾಗಲೊಲ್ಲದ ಹಾಲು

ಓಲ್ಮನ್‌ನ ಹಾಲು ಗುಲಾಬಿಯಾಗಲೊಲ್ಲದು. ಬ್ಯೂರೆಟ್ ಎಂಬ ಅಳತೆಗೊಳವೆಯಿಂದ ಕ್ಷಾರ ಹನಿ ಹನಿಯಾಗಿ ಬೀಳುತ್ತಲೇ ಇದೆ, ಬಣ್ಣದ ಸೂಚಕ ಬೆರೆಸಿದ್ದರೂ ಹಾಲು ಬೆಳ್ಳಗೇ ಇದೆ. ಗುಲಾಬಿಯಾಗಲು ಹನಿ ಹೆಚ್ಚು ಬೇಕಾದಷ್ಟೂ ಹುಳಿ ಹೆಚ್ಚು. ಅಂತೂ ಬಣ್ಣ ಬರುವಷ್ಟರಲ್ಲಿ ಮಿತಿ ದಾಟಿಹೋಗಿತ್ತು.

"ಹುಳಿ," ಎಂದೆ, ಮುಖ ನೋಡದೆ.

"ಈಗಷ್ಟೇ ಕರೆದ ಹಾಲು, ಯೋರ್ಲೆನಿ! ಬೇಕಾದ್ರೆ ಕುಡಿದು ನೋಡಿ."

"ನನ್ನ ನಾಲಿಗೆ ಯಾರಿಗೆ ಬೇಕು? ಬ್ಯೂರೆಟ್ ಹೇಳಿದ್ದೇ ಕೊನೆ."

"ನನ್ನ ಮೇಲೆ ನಿಮಗೇನು ಹಗೆ? ಅದನ್ನಾದ್ರೂ ಹೇಳಿ."

ಹಗೆಯಂತೆ ಹಗೆ! ಈ ಪುಣ್ಯಾತ್ಮನ ಹೆಸರು ಕೇಳಿದರೇ ನನ್ನ ಕಿವಿ ಬಿಸಿಯಾಗುತ್ತದೆ. ಅದು ಯಾರಿಗೂ ಗೊತ್ತಾಗಬಾರದೆಂದೇ ಅವನೆದುರು ಗಂಟು ಮುಖ ಹಾಕಿಕೊಂಡಿರುತ್ತೇನೆ.

ಟುರ್ರಿಯಾಲ್ಬ ಬೆಟ್ಟದ ನಮ್ಮ ಚೀಸ್ ಕಾರ್ಖಾನೆಯಲ್ಲಿ ಒಮ್ಮೆ ಹುಳಿ ಹಾಲು ತಂದರೆ ಎಚ್ಚರಿಕೆ, ಮತ್ತೆ ತಂದರೆ ಬಾಗಿಲು ಬಂದ್. ಓಲ್ಮನ್‌ಗೆ ಎಚ್ಚರಿಕೆ ಆಗಲೇ ಆಗಿತ್ತು. ಇನ್ನು ಹಸು ಮಾರಿ ಲಿಮೋನ್ ಬಂದರಿನಲ್ಲಿರುವ ಅಣ್ಣನ ಬಳಿ ಹೋಗುವುದೊಂದೇ ಅವನ ದಾರಿ. ಅವನು ಕ್ಯಾನ್‌ಗಳನ್ನು ಜೀಪಿಗೆ ಏರಿಸತೊಡಗಿದ.

ಮುಂದಿನವರ ಹಾಲೂ ಹುಳಿ. ಅದರ ಮುಂದಿನದೂ.

"ಬೆಟ್ಟದ ಹಸುಗಳೆಲ್ಲ ಒಟ್ಟಿಗೆ ನಿಂಬೆಹಣ್ಣು ತಿಂದುವೇನಮ್ಮಾ?" ಸಾಲಿನಲ್ಲಿದ್ದ ಮುದುಕನೊಬ್ಬ ಕಿಚಾಯಿಸಿದ.

ನಿಜವೇ, ಎಲ್ಲರ ಹಾಲೂ ಒಂದೇ ದಿನ ಹುಳಿಯಾಗುವುದುಂಟೇ? ಪ್ರಮಾಣ ಗೊತ್ತಿದ್ದ ಆಮ್ಲ ತೆಗೆದು ಕ್ಷಾರವನ್ನೇ ಪರೀಕ್ಷಿಸಿದೆ. ಹತ್ತು ಮಿಲಿಲೀಟರ್ ಆಮ್ಲಕ್ಕೆ ಹತ್ತೇ ಮಿಲಿಲೀಟರ್ ಕ್ಷಾರ ಸಾಕಾಗಬೇಕು, ಹನ್ನೊಂದು ಬೇಡಿತು. ಹಾಲು ಹುಳಿಯಾಗಿರಲಿಲ್ಲ, ಕ್ಷಾರ ಸೊರಗಿತ್ತು. ಬಾಟಲಿಗೆ ಮುಚ್ಚಳವೇ ಇಲ್ಲ! ತಳದಲ್ಲಿ ಉಳಿದಿದ್ದ ಅಷ್ಟಿಷ್ಟು ಕ್ಷಾರ ರಾತ್ರಿಯಿಡೀ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿತ್ತು.

"ಓಲ್ಮನ್, ನಿಲ್ಲಿ! ತಪ್ಪು ನನ್ನದು!" ಕಿರುಚಿಬಿಟ್ಟೆ.

ಎಲ್ಲರೂ ಗೌರವದಿಂದ 'ದೋನ್ಯಾ' ಎನ್ನುವ ಮ್ಯಾನೇಜರ್ ಎಲಿಯೆತ್ ಹೊರಗೆ ಬಂದರು. ಹೇಳಿದ್ದನ್ನೆಲ್ಲ ಕೇಳಿ ಕನ್ನಡಕದ ಮೇಲಿಂದ ನೋಡಿದರು. "ಒಂದು ದಿನವೂ ಮುಚ್ಚಳ ಮರೀದವಳು ನೀನು. ನಿನ್ನೆ ಏನಾಗಿತ್ತು? ಇವನನ್ನ ಉಳಿಸೋಕೆ ಕಥೆ ಕಟ್ತಿಲ್ಲ ತಾನೆ?"

ಸಾಲಿಗೆ ಸಾಲೇ ಕಿವಿ ನಿಮಿರಿಸಿತು. ಸುಳ್ಳು ಹೇಳಿದರೆ ನಂಬುವುದಿಲ್ಲ, ನಿಜ ಹೇಳಿದರೆ ಮಾನ ಉಳಿಯುವುದಿಲ್ಲ. ಹಾಳಾಗಿ ಹೋಗಲಿ ಮಾನ!

"ಕಿಟಕಿಯಿಂದ ನೋಡ್ತಾ ನಿಂತಿದ್ದೆ, ಮೇಡಂ. ಇವರು ನಲ್ಲಿ ಹತ್ರ ಕ್ಯಾನ್ ತೊಳೀತಿದ್ರು. ದಿನಾ ನೋಡ್ತೀನಿ. ನಿನ್ನೆ ಮುಚ್ಚಳ ಕೈಯಲ್ಲೇ ಉಳೀತು."

ಯಾರೋ ಸಿಳ್ಳೆ ಹೊಡೆದರು. ಓಲ್ಮನ್‌ನ ಕೈಯಲ್ಲಿದ್ದ ಕ್ಯಾನ್ ಹಾಗೇ ನಿಂತಿತು.

"ಹೊಸ ಬಾಟಲಿ ತೆಗಿ. ನನ್ನೆದುರಿಗೇ ಮಾಡು," ಎಂದರು ದೋನ್ಯಾ ಎಲಿಯೆತ್.

ಬ್ಯೂರೆಟ್‌ಗೆ ಹೊಸ ಕ್ಷಾರ ತುಂಬಿದೆ. ಹನಿ, ಇನ್ನೊಂದು ಹನಿ. ಓಲ್ಮನ್ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದ. ಮಿತಿಗೆ ಎಷ್ಟೋ ಮೊದಲೇ ಹಾಲು ತೆಳುವಾಗಿ ಗುಲಾಬಿಯಾಯಿತು, ಹಾಗೇ ಉಳಿಯಿತು.

"ಕ್ಯಾನ್ ಇಳಿಸಪ್ಪಾ," ಎಂದರು ಅವರು. "ಉಳಿದವರದೂ ಮತ್ತೆ ನೋಡು. ಯೋರ್ಲೆನಿ, ನಾಳೆಯಿಂದ ನಿನ್ನ ಮೇಜು ಕಿಟಕಿಯಿಂದ ದೂರ."

"ಹಾಗೆ ಮಾಡ್ಬೇಡಿ, ದೋನ್ಯಾ," ಎಂದ ಓಲ್ಮನ್. ಕಿವಿಯವರೆಗೂ ಕೆಂಪಾಗಿದ್ದ. "ಮನೇಲೇ ತೊಳೆದಿಟ್ಟ ಕ್ಯಾನ್‌ನ ನಾನು ದಿನಾ ಇಲ್ಲಿಗೆ ತಂದು ತೊಳೆಯೋದು ಯಾಕೆ ಅಂದ್ಕೊಂಡ್ರಿ?"